ಮುಳ್ಳು ನಿಲ್ಲದಿದ್ದಾಗ: ನಿರ್ವಾತ ಸಾಧನದಿಂದ ಕೂಲಂಟ್ ತುಂಬಿಸಿದ ಒಂದು ಪ್ರಕರಣ

ಹಿನ್ನೆಲೆ

ಈ ಪ್ರಕರಣದ ವಾಹನ ಏಳು ಆಸನಗಳ, ನಾಲ್ಕು ಸಿಲಿಂಡರ್‌ಗಳ ಪೆಟ್ರೋಲ್ ಕಾರು. ಅದರ ತಯಾರಕರು, ಮಾಲೀಕರು, ಕೆಲಸ ನಡೆದ ಗ್ಯಾರೇಜು ಇವೆಲ್ಲವುಗಳ ಗುರುತನ್ನು ಮರೆಸಿ, ದುರಸ್ತಿಗೆ ಸಂಬಂಧಿಸಿದ ವಿವರಗಳನ್ನಷ್ಟೇ ಇಲ್ಲಿ ದಾಖಲಿಸಿದ್ದೇನೆ. ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಹೀಟರ್, ಹಿಂದಿನ ಆಸನಗಳಿಗಾಗಿ ಇನ್ನೊಂದು ಹೀಟರ್ ಇದ್ದವು. ಎರಡನೆಯದಕ್ಕೆ ಬಿಸಿ ಕೂಲಂಟ್ (ಎಂಜಿನ್ನನ್ನು ತಣಿಸುವ ದ್ರವ) ಒಯ್ಯುವ ಕೊಳವೆಗಳು ನೆಲದ ತಗಡಿನ ಕೆಳಗೆ ಉದ್ದಕ್ಕೆ ಸಾಗಿ, ಹಿಂದೆ ಮೇಲಕ್ಕೇರಿ, ಅದೇ ದಾರಿಯಲ್ಲಿ ಮರಳುತ್ತಿದ್ದವು. ಇಂಥ ಏರಿಳಿತದ ದಾರಿಯಲ್ಲಿ ಒಮ್ಮೆ ಸಿಕ್ಕಿಕೊಂಡ ಗಾಳಿ ತಾನಾಗಿಯೇ ಹೊರಬರುವುದು ಬಹಳ ಕಷ್ಟ.

ಕೂಲಿಂಗ್ ವ್ಯವಸ್ಥೆ ಹಳೆಯ ಕ್ರಮದ್ದು. ರೇಡಿಯೇಟರಿನ ಮೇಲೆಯೇ ಒತ್ತಡದ ಮುಚ್ಚಳವಿದ್ದು, ಪಕ್ಕದ ರಿಸರ್ವ್ ಟ್ಯಾಂಕಿನಲ್ಲಿ ಒತ್ತಡವಿರುವುದಿಲ್ಲ. ಕೂಲಂಟ್ ಬಿಸಿಯಾಗಿ ಹಿಗ್ಗಿದಾಗ ಮುಚ್ಚಳದ ಸ್ಪ್ರಿಂಗ್ ವಾಲ್ವ್ ತೆರೆದು ಹೆಚ್ಚುವರಿ ದ್ರವ ರಿಸರ್ವ್ ಟ್ಯಾಂಕಿಗೆ ಹರಿಯುತ್ತದೆ. ಎಂಜಿನ್ ತಣ್ಣಗಾಗಿ ದ್ರವ ಕುಗ್ಗಿದಾಗ ಒಳಗೆ ಉಂಟಾಗುವ ಅಲ್ಪ ನಿರ್ವಾತ ಅದೇ ಮುಚ್ಚಳದ ನಡುವಿನ ಚಿಕ್ಕ ವಾಲ್ವನ್ನು ತೆರೆದು, ಹೊರಹೋಗಿದ್ದ ದ್ರವವನ್ನು ಮರಳಿ ಎಳೆದುಕೊಳ್ಳುತ್ತದೆ. ಈ ಹೋಗಿಬರುವ ಕ್ರಮ ಸರಿಯಾಗಿ ನಡೆಯಬೇಕಾದರೆ ವ್ಯವಸ್ಥೆ ಹೊರಮುಖವಾಗಿ ಸೋರದಿದ್ದರೆ ಸಾಲದು, ಒಳಮುಖವಾಗಿಯೂ ಗಾಳಿಯನ್ನು ಬಿಟ್ಟುಕೊಳ್ಳಬಾರದು. ಇಡೀ ಪ್ರಕರಣ ಈ ಎರಡನೆಯ ಷರತ್ತಿನ ಸುತ್ತಲೇ ನಡೆದದ್ದು.

ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಟ್ಟಿದ್ದರಿಂದ ಬೇರೊಂದು ಗ್ಯಾರೇಜಿನಲ್ಲಿ ಹೊಸ ರೇಡಿಯೇಟರ್ ಅಳವಡಿಸಲಾಗಿತ್ತು. ಅದೇ ಸಮಯದಲ್ಲಿ ಮುಂದಿನ ಹೀಟರಿನ ಎರಡೂ ಹೋಸ್‌ಗಳನ್ನು ಬದಲಿಸಿ, ಅವುಗಳ ಮೂಲ ಸ್ಪ್ರಿಂಗ್ ಕ್ಲಿಪ್‌ಗಳ ಜಾಗದಲ್ಲಿ ಸ್ಕ್ರೂ ತಿರುಗಿಸಿ ಬಿಗಿಯುವ ಕ್ಲಾಂಪ್‌ಗಳನ್ನು ಹಾಕಿದ್ದರು. ಈ ಕೊನೆಯ ವಿವರ ಆಗ ಯಾರಿಗೂ ಮುಖ್ಯವೆನಿಸಿರಲಿಲ್ಲ.

ಸಮಸ್ಯೆ

ಆ ದುರಸ್ತಿಯಾದ ಮೇಲೆ ಕಾರು ಒಂದು ವಿಚಿತ್ರ ವರ್ತನೆಯನ್ನು ತೋರಿಸತೊಡಗಿತು. ಬೆಳಿಗ್ಗೆ ಎಂಜಿನ್ ಶುರು ಮಾಡಿದಾಗ ಡ್ಯಾಶ್‌ಬೋರ್ಡಿನ ಹಿಂದೆ ನೀರು ಗುಳುಗುಳು ಎನ್ನುವ ಸದ್ದು. ಎಂಜಿನ್ ಬಿಸಿಯಾದ ಮೇಲೂ ಹೀಟರಿನಿಂದ ತಣ್ಣನೆಯ ಗಾಳಿ. ತಾಪಮಾನದ ಮುಳ್ಳು ಕೆಲಕಾಲ ಕೆಳಗೇ ಇದ್ದು, ಇದ್ದಕ್ಕಿದ್ದಂತೆ ಏರಿ, ಮತ್ತೆ ಇಳಿಯುವುದು. ಕಾರು ಓಡಿದಷ್ಟೂ ರಿಸರ್ವ್ ಟ್ಯಾಂಕಿನ ಮಟ್ಟ ಏರುತ್ತಿತ್ತು, ಆದರೆ ರಾತ್ರಿ ಕಳೆದರೂ ಇಳಿಯುತ್ತಿರಲಿಲ್ಲ. ತಣ್ಣಗಿದ್ದಾಗ ಮುಚ್ಚಳ ತೆರೆದು ನೋಡಿದರೆ ರೇಡಿಯೇಟರಿನ ಕುತ್ತಿಗೆಯ ಬಳಿ ಕೂಲಂಟ್ ಕಾಣಿಸುತ್ತಿರಲಿಲ್ಲ.

ಇದನ್ನು ಹೀಟರ್ ಕೆಲಸ ಮಾಡದ ಸಣ್ಣ ಅನನುಕೂಲವೆಂದು ಬಿಟ್ಟುಬಿಡುವಂತಿರಲಿಲ್ಲ. ಎಂಜಿನ್ನಿನ ಮೇಲ್ಭಾಗವನ್ನು ಮುಚ್ಚುವ ಸಿಲಿಂಡರ್ ಹೆಡ್ಡಿನ ಸುತ್ತ ಗಾಳಿ ನಿಂತರೆ ಆ ಭಾಗದ ಲೋಹದಿಂದ ಶಾಖವನ್ನು ಒಯ್ಯಲು ದ್ರವವೇ ಇರುವುದಿಲ್ಲ. ತಾಪಮಾನದ ಸೆನ್ಸರ್ ಗಾಳಿಯಲ್ಲಿ ನಿಂತುಬಿಟ್ಟರೆ ಅದು ಕೂಲಂಟಿನ ನಿಜವಾದ ಬಿಸಿಯನ್ನು ತೋರಿಸುವುದಿಲ್ಲ. ಹೀಗಾಗಿ ಮುಳ್ಳು ನೆಮ್ಮದಿ ಹೇಳುತ್ತಿರುವ ಹೊತ್ತಿನಲ್ಲೇ ಅಲ್ಯೂಮಿನಿಯಂ ಹೆಡ್ ಡೊಂಕಾಗುವಷ್ಟು ಕಾಯಬಹುದು. ಗಾಳಿಯ ದೊಡ್ಡ ಗುಳ್ಳೆ ವಾಟರ್ ಪಂಪನ್ನು ತಲುಪಿದರೆ ಪಂಪ್ ತಿರುಗುತ್ತಿದ್ದರೂ ಹರಿವು ನಿಲ್ಲುತ್ತದೆ.

ಮೊದಲ ಪ್ರಯತ್ನಗಳು

ಕಾರನ್ನು ಎರಡನೆಯ ಗ್ಯಾರೇಜಿಗೆ ತಂದಾಗ ಅಲ್ಲಿನವರು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಕಾರಿನ ಮುಂಭಾಗವನ್ನು ಎತ್ತಿ ನಿಲ್ಲಿಸಿ, ರೇಡಿಯೇಟರಿನ ಕುತ್ತಿಗೆಗೆ ಎತ್ತರದ ಆಲಿಕೆ ಕೂರಿಸಿ, ಎರಡೂ ಹೀಟರ್‌ಗಳನ್ನು ಪೂರ್ಣ ಬಿಸಿಗೆ ತಿರುಗಿಸಿ, ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ರೇಡಿಯೇಟರಿನ ಹರಿವಿಗೆ ದಾರಿ ಬಿಡುವ ವಾಲ್ವ್) ತೆರೆಯುವವರೆಗೆ ಎಂಜಿನ್ ಓಡಿಸಿ, ಹೋಸ್‌ಗಳನ್ನು ಹಿಸುಕುತ್ತಾ ಗುಳ್ಳೆಗಳು ನಿಲ್ಲುವ ತನಕ ಕಾದರು. ಹೀಟರ್ ಬಿಸಿಯಾಯಿತು, ಮುಳ್ಳು ಸ್ಥಿರವಾಯಿತು, ಕಾರು ಹೊರಟುಹೋಯಿತು. ಎಂಜಿನ್ ಪೂರ್ತಿ ತಣ್ಣಗಾಗಿ ಮತ್ತೆ ಶುರುವಾದಾಗ ಹಳೆಯ ಲಕ್ಷಣಗಳೆಲ್ಲ ಮರಳಿದವು. ಇದನ್ನೇ ಮತ್ತೆ ಮಾಡಿದಾಗಲೂ ಫಲಿತಾಂಶ ಬೇರೆಯಾಗಲಿಲ್ಲ.

ಗಾಳಿ ಹೊರಗೆ ಹೋಗಿ ಮತ್ತೆ ಬರುತ್ತಿದೆ ಎಂದಾದರೆ ಅದು ಬರಲು ಒಂದು ದಾರಿ ಇರಲೇಬೇಕು. ಗ್ಯಾರೇಜಿನಲ್ಲಿ ಮೊದಲು ಸಂಶಯ ಬಿದ್ದದ್ದು ಸಿಲಿಂಡರ್ ಹೆಡ್ ಮತ್ತು ಎಂಜಿನ್ ಬ್ಲಾಕಿನ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೇಲೆ. ಅದು ಸುಟ್ಟಾಗ ಸಿಲಿಂಡರಿನ ದಹನಾನಿಲ ಕೂಲಂಟಿಗೆ ನುಗ್ಗಿ ಇದೇ ಲಕ್ಷಣಗಳನ್ನು ತೋರಿಸುತ್ತದೆ. ರಿಸರ್ವ್ ಟ್ಯಾಂಕ್ ತುಂಬುತ್ತದೆ, ಹೀಟರ್ ತಣ್ಣಗಾಗುತ್ತದೆ, ಮುಳ್ಳು ಕುಣಿಯುತ್ತದೆ. ಕಿರಿಯ ಮೆಕ್ಯಾನಿಕ್ ಹೆಡ್ ಬಿಚ್ಚೋಣ ಎಂದರೆ ಹಿರಿಯರು ಒಪ್ಪಲಿಲ್ಲ. ಅವರು ರೇಡಿಯೇಟರಿನ ಬಾಯಿಯಿಂದ ಬರುವ ಗಾಳಿಯನ್ನು ಪರೀಕ್ಷಾ ದ್ರವದ ಮೂಲಕ ಹಾಯಿಸಿ ನೋಡಿದರು. ಪೆಟ್ರೋಲ್ ಎಂಜಿನ್ನಿನ ದಹನಾನಿಲದಲ್ಲಿರುವ ಇಂಗಾಲದ ಡೈಆಕ್ಸೈಡ್ ತಾಗಿದರೆ ಆ ನೀಲಿ ದ್ರವ ಹಳದಿಯಾಗಬೇಕು. ಅದು ನೀಲಿಯಾಗಿಯೇ ಉಳಿಯಿತು. ಈ ಒಂದು ಪರೀಕ್ಷೆ ಹೆಡ್ ಬಿಚ್ಚುವ ಕೆಲಸವನ್ನು ತಡೆಯಿತು, ಮತ್ತು ನನ್ನ ದೃಷ್ಟಿಯಲ್ಲಿ ಪ್ರಕರಣದ ಮೊದಲ ಸರಿಯಾದ ನಿರ್ಧಾರ ಇದೇ.

ಬಳಿಕ ಒತ್ತಡದ ಪರೀಕ್ಷೆ ಮಾಡಿದರು. ಕೈಪಂಪನ್ನು ರೇಡಿಯೇಟರಿಗೆ ಜೋಡಿಸಿ, ಮುಚ್ಚಳದ ಮೇಲೆ ಬರೆದಿದ್ದ 1.1 ಬಾರ್‌ವರೆಗೆ ಒತ್ತಡ ಏರಿಸಿದಾಗ ಅದು ಇಳಿಯಲಿಲ್ಲ, ಎಲ್ಲಿಯೂ ಹನಿ ಕಾಣಿಸಲಿಲ್ಲ. ಮುಚ್ಚಳವನ್ನು ಪ್ರತ್ಯೇಕವಾಗಿ ಪರೀಕ್ಷಿಸಿದಾಗ ಅದರ ಎರಡೂ ವಾಲ್ವ್‌ಗಳು ಸರಿಯಾಗಿದ್ದವು. ಹಾಗಾಗಿ ಸೋರಿಕೆ ಇಲ್ಲ ಎಂಬ ತೀರ್ಮಾನಕ್ಕೆ ಬಂದರು. ಆದರೆ ಆ ಪರೀಕ್ಷೆ ನಡೆದದ್ದು ಕಾರು ಆಗತಾನೇ ಓಡಿ ಬಂದು ನಿಂತಿದ್ದಾಗ, ಎಂಜಿನ್ ಇನ್ನೂ ಬಿಸಿಯಾಗಿದ್ದಾಗ. ಕೆಲಸದ ವಿವರ ಬರೆದಿಡುವ ಜಾಬ್ ಕಾರ್ಡಿನಲ್ಲಿ ಒತ್ತಡದ ಅಂಕಿ ಇತ್ತು, ಎಂಜಿನ್ನಿನ ಸ್ಥಿತಿ ಇರಲಿಲ್ಲ.

ನಿರ್ವಾತ ಸಾಧನದ ಮೊದಲ ಬಳಕೆ

ಗಾಳಿ ಸಿಕ್ಕಿಕೊಳ್ಳುವ ವಾಹನಗಳಿಗೆಂದು ಗ್ಯಾರೇಜಿನಲ್ಲಿ ನಿರ್ವಾತದ ಮೂಲಕ ಕೂಲಂಟ್ ತುಂಬಿಸುವ ಸಾಧನವಿತ್ತು. ಅದರ ಕೆಲಸದ ತತ್ತ್ವ ಸರಳ. ಕಂಪ್ರೆಸರಿನಿಂದ ಬರುವ ಸುಮಾರು 6 ಬಾರ್ ಗಾಳಿ ವೆಂಚುರಿ ಎಂಬ ಕಿರಿದಾದ ದಾರಿಯಲ್ಲಿ ವೇಗವಾಗಿ ಹಾಯುವಾಗ ಅಲ್ಲಿ ಒತ್ತಡ ಕುಸಿದು, ಪಕ್ಕದ ಕೊಳವೆಯಿಂದ ಗಾಳಿಯನ್ನು ಎಳೆಯುತ್ತದೆ. ಆ ಕೊಳವೆಯ ತುದಿಯಲ್ಲಿರುವ ರಬ್ಬರಿನ ಶಂಕು ರೇಡಿಯೇಟರಿನ ಕುತ್ತಿಗೆಯಲ್ಲಿ ಬಿಗಿಯಾಗಿ ಕೂರುತ್ತದೆ. ಖಾಲಿಯಾದ ಕೂಲಿಂಗ್ ವ್ಯವಸ್ಥೆಯಿಂದ ಗಾಳಿಯನ್ನು ಎಳೆದು ತೆಗೆದು, ವಾಲ್ವ್ ಮುಚ್ಚಿ, ಆಮೇಲೆ ಇನ್ನೊಂದು ಹೋಸಿನ ಮೂಲಕ ಕ್ಯಾನಿನಲ್ಲಿರುವ ಕೂಲಂಟಿಗೆ ದಾರಿ ಬಿಟ್ಟರೆ, ಹೊರಗಿನ ವಾತಾವರಣದ ಒತ್ತಡವೇ ದ್ರವವನ್ನು ಮೂಲೆಮೂಲೆಗೂ ತಳ್ಳುತ್ತದೆ.

ಎಂಟು ಲೀಟರಿನಷ್ಟು ಹಳೆಯ ಕೂಲಂಟನ್ನು ಅಳತೆಯ ಪಾತ್ರೆಗೆ ಇಳಿಸಿಕೊಂಡು ಸಾಧನವನ್ನು ಜೋಡಿಸಿದರು. ಮೇಲಿನ ರೇಡಿಯೇಟರ್ ಹೋಸ್ ನೋಡುತ್ತಿದ್ದಂತೆಯೇ ಚಪ್ಪಟೆಯಾಯಿತು. ಇದು ಭಯಪಡುವ ಸಂಗತಿಯಲ್ಲ, ನಿರ್ವಾತ ಉಂಟಾಗುತ್ತಿರುವುದರ ಗುರುತು. ಹೋಸ್ ಬಿರುಕು ಬಿಟ್ಟಿದ್ದರೆ ಅಥವಾ ಒಳಪದರ ಕಿತ್ತಿದ್ದರೆ ಮಾತ್ರ ಮೊದಲೇ ಬದಲಿಸಬೇಕು. ಒಳಗಿನ ಒತ್ತಡ ಹೊರಗಿನ ವಾತಾವರಣಕ್ಕಿಂತ ಎಷ್ಟು ಕಡಿಮೆ ಎಂದು ತೋರಿಸುವ ಸಾಧನದ ನಿರ್ವಾತ ಗೇಜಿನ ಮುಳ್ಳು ಸುಮಾರು 580 ಮಿಲಿಮೀಟರ್ ಪಾದರಸದವರೆಗೆ ಏರಿ ಅಲ್ಲೇ ನಿಂತಿತು. ಸಾಮಾನ್ಯವಾಗಿ ಅದು 650ರ ಆಚೆ ಹೋಗಬೇಕಿತ್ತು. ವಾಲ್ವ್ ಮುಚ್ಚಿದ ಮೇಲೆ ಮುಳ್ಳು ನಿಧಾನವಾಗಿ ಕೆಳಗಿಳಿಯತೊಡಗಿತು.

ಇಲ್ಲಿ ಎರಡು ವಿವರಣೆಗಳು ಎದುರಾದವು. ಎಂಜಿನ್ ಇನ್ನೂ ಬೆಚ್ಚಗಿತ್ತು. ಒತ್ತಡ ಕಡಿಮೆಯಾದಂತೆ ನೀರು ಕುದಿಯುವ ತಾಪಮಾನವೂ ಇಳಿಯುತ್ತದೆ. 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಆವಿಯ ಒತ್ತಡವೇ ಸುಮಾರು 190 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ವಾತಾವರಣದ ಒತ್ತಡ 760 ಎಂದಿಟ್ಟುಕೊಂಡರೆ, ಬ್ಲಾಕಿನಲ್ಲಿ ಉಳಿದ ಬಿಸಿ ನೀರು 570ರ ಹತ್ತಿರವೇ ಕುದಿಯತೊಡಗಿ, ಅದರ ಆವಿ ಮುಳ್ಳನ್ನು ಅಲ್ಲಿಗೇ ಕಟ್ಟಿಹಾಕುತ್ತದೆ. ಕೂಲಂಟಿನ ನೀರಿಗೆ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆತಿರುವುದರಿಂದ ಈ ಅಂಕಿ ತುಸು ಮೇಲೆ ಹೋಗಬಹುದು, ಅಷ್ಟೇ. ಆದ್ದರಿಂದ ಇದು ಆವಿಯ ಆಟ, ಸೋರಿಕೆಯಲ್ಲ, ತುಂಬಿಸಿಬಿಡೋಣ ಎಂಬುದು ಕಿರಿಯ ಮೆಕ್ಯಾನಿಕ್ಕಿನ ವಾದ. ಮುಳ್ಳು 580ರಲ್ಲಿ ನಿಂತದ್ದರ ಮಟ್ಟಿಗೆ ಈ ವಾದ ತಪ್ಪೇನಲ್ಲ.

ಹಿರಿಯರ ಗಮನ ಇನ್ನೊಂದು ಕಡೆ ಇತ್ತು. ಆವಿಯೊಂದೇ ಕಾರಣವಾಗಿದ್ದರೆ ಮುಳ್ಳು ಒಂದು ಮಟ್ಟಕ್ಕೆ ಇಳಿದು ನಿಲ್ಲಬೇಕು, ಎಂಜಿನ್ ತಣಿದಂತೆಲ್ಲ ಆವಿ ಮತ್ತೆ ನೀರಾಗಿ ನಿರ್ವಾತ ಸ್ವಲ್ಪ ಹೆಚ್ಚಬೇಕು. ಇಲ್ಲಿ ಮುಳ್ಳು ನಿಲ್ಲದೆ 500ಕ್ಕಿಂತ ಕೆಳಗೂ ಇಳಿಯುತ್ತಿತ್ತು. ಕುದಿಯುವ ನೀರು ಮುಳ್ಳನ್ನು ಮೇಲೇರದಂತೆ ತಡೆಯಬಲ್ಲದು, ಸೊನ್ನೆಯ ಕಡೆಗೆ ಎಳೆದುಕೊಂಡು ಹೋಗಲಾರದು. ತುಂಬಿಸುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಕಾರನ್ನು ರಾತ್ರಿಯಿಡೀ ತಣಿಯಲು ಬಿಡುವ ನಿರ್ಧಾರ ಆಯಿತು. ಕಾರು ಒಂದು ದಿನ ಹೆಚ್ಚು ಉಳಿಯುತ್ತದೆ ಎಂದು ಮಾಲೀಕರಿಗೆ ತಿಳಿಸುವುದು ಯಾರಿಗೂ ಇಷ್ಟದ ಕೆಲಸವಲ್ಲ. ಆದರೂ ಪ್ರಕರಣ ತಿರುಗಿದ್ದು ಇಲ್ಲಿಯೇ.

ದಾರಿ ಹುಡುಕಿದ ಬಗೆ

ಮರುದಿನ ತಣ್ಣನೆಯ ಎಂಜಿನ್ನಿನ ಮೇಲೆ ಮುಳ್ಳು 660ರವರೆಗೆ ಏರಿತು. ವಾಲ್ವ್ ಮುಚ್ಚಿ ಕಾದಾಗ ಸುಮಾರು ಐದು ನಿಮಿಷದಲ್ಲಿ 600ಕ್ಕೆ ಇಳಿಯಿತು. ಈಗ ಆವಿಯ ಮಾತು ಉಳಿಯಲಿಲ್ಲ. ಕೋಣೆಯ ತಾಪಮಾನದಲ್ಲಿ ನೀರಿನ ಆವಿಯ ಒತ್ತಡ 25 ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿರುತ್ತದೆ, ಅಷ್ಟರಿಂದ ಈ ಇಳಿಕೆಯನ್ನು ವಿವರಿಸಲಾಗದು.

ಕಾರನ್ನು ದೂರುವ ಮೊದಲು ಸಾಧನವನ್ನೇ ಪರೀಕ್ಷಿಸಿದರು. ಶಂಕುವಿನ ಬಾಯನ್ನು ಬಿಗಿಯಾಗಿ ಮುಚ್ಚಿ ನಿರ್ವಾತ ಎಳೆದಾಗ ಮುಳ್ಳು ಅಲುಗಲಿಲ್ಲ, ಅಂದರೆ ಸಾಧನದ ವಾಲ್ವ್ ಮತ್ತು ಜೋಡಣೆಗಳು ಸರಿ. ರೇಡಿಯೇಟರಿನ ಕುತ್ತಿಗೆಯನ್ನು ಒರೆಸಿ, ಶಂಕು ಓವರ್‌ಫ್ಲೋ ನಳಿಕೆಗಿಂತ ಕೆಳಗೆ ಮುಚ್ಚಿಕೊಂಡಿದೆಯೇ ಎಂದು ನೋಡಿದರು. ಅದು ನಳಿಕೆಯ ಮೇಲೆ ಕೂತರೆ ರಿಸರ್ವ್ ಟ್ಯಾಂಕಿನಿಂದಲೇ ಗಾಳಿ ಬರುತ್ತದೆ. ರೇಡಿಯೇಟರಿನ ತಳದ ಡ್ರೇನ್ ಪ್ಲಗ್ಗನ್ನೂ ಪರಿಶೀಲಿಸಿದರು. ಇವೆಲ್ಲ ಸರಿಯಾಗಿದ್ದವು, ಮುಳ್ಳು ಮಾತ್ರ ಮೊದಲಿನಂತೆಯೇ ಇಳಿಯಿತು.

ಅನಂತರ ವ್ಯವಸ್ಥೆಯನ್ನು ತುಂಡುತುಂಡಾಗಿ ಬೇರ್ಪಡಿಸುವ ಕೆಲಸ. ಹೋಸನ್ನು ಗಾಯಗೊಳಿಸದ ದುಂಡನೆಯ ಬಾಯಿಯ ಇಕ್ಕಳದಿಂದ ಹಿಂದಿನ ಹೀಟರಿಗೆ ಹೋಗುವ ಎರಡೂ ಹೋಸ್‌ಗಳನ್ನು ಎಂಜಿನ್ ಬಳಿಯೇ ಒತ್ತಿ ಮುಚ್ಚಿ ನಿರ್ವಾತ ಎಳೆದರು. ಉದ್ದದ ಕೊಳವೆ, ನೆಲದ ಕೆಳಗಿನ ಕೊಳೆ, ತುಕ್ಕು ಇವುಗಳಿಂದಾಗಿ ಎಲ್ಲರ ಅನುಮಾನವೂ ಆ ಭಾಗದ ಮೇಲೆಯೇ ಇತ್ತು. ಮುಳ್ಳು ಹಾಗೆಯೇ ಇಳಿಯಿತು. ಇಕ್ಕಳಗಳನ್ನು ಅಲ್ಲಿಂದ ತೆಗೆದು ಮುಂದಿನ ಹೀಟರಿನ ಹೋಸ್‌ಗಳಿಗೆ ಹಾಕಿದಾಗ ಮುಳ್ಳು 660ರಲ್ಲಿ ನಿಂತುಬಿಟ್ಟಿತು. ಗಾಳಿಯ ದಾರಿ ಇಕ್ಕಳದಾಚೆ, ಮುಂದಿನ ಹೀಟರ್ ಮತ್ತು ಅದರ ಜೋಡಣೆಗಳ ನಡುವೆ ಇದೆ ಎಂಬುದು ಹೀಗೆ ಖಚಿತವಾಯಿತು.

ಹೀಟರ್ ಕೋರ್ (ಹೀಟರಿನೊಳಗೆ ಬಿಸಿ ಕೂಲಂಟ್ ಹರಿಯುವ ಭಾಗ) ಸೋರಿದ್ದರೆ ಡ್ಯಾಶ್‌ಬೋರ್ಡಿನ ಕೆಳಗಿನ ಕಾರ್ಪೆಟ್ ಒದ್ದೆಯಾಗಬೇಕು, ಗಾಜಿನ ಮೇಲೆ ಮಂಜು ಕೂರಬೇಕು, ಒಳಗೆ ಕೂಲಂಟಿನ ಸಿಹಿ ವಾಸನೆ ಬರಬೇಕು. ಯಾವುದೂ ಇರಲಿಲ್ಲ. ಉಳಿದದ್ದು ಎಂಜಿನ್ ಕೋಣೆಯ ಹಿಂಗೋಡೆಯಲ್ಲಿ ಹೊರಚಾಚಿದ್ದ ಹೀಟರಿನ ಎರಡು ಅಲ್ಯೂಮಿನಿಯಂ ನಳಿಕೆಗಳು. ಮೇಲಿನ ನಳಿಕೆಯ ಹೋಸನ್ನು ಬಿಚ್ಚಿದಾಗ ಲೋಹದ ಮೈ ಗುಳಿಗುಳಿಯಾಗಿ ತಿಂದುಹೋಗಿತ್ತು, ಗುಳಿಗಳ ಸುತ್ತ ಒಣಗಿದ ಕೂಲಂಟಿನ ತೆಳುವಾದ ಕಲೆ ಇತ್ತು. ಕ್ಲಾಂಪ್ ಬಿಗಿಯಾಗಿಯೇ ಇದ್ದರೂ ಅದರ ಬಿಗಿತ ಸ್ಥಿರವಾಗಿ ಉಳಿಯುವಂಥದ್ದಲ್ಲ. ಸ್ಪ್ರಿಂಗ್ ಕ್ಲಿಪ್ ರಬ್ಬರಿನ ಜೊತೆಗೇ ಹಿಗ್ಗಿ ಕುಗ್ಗಿ ಒತ್ತಡವನ್ನು ಕಾಯ್ದುಕೊಳ್ಳುತ್ತದೆ. ಸ್ಕ್ರೂ ಕ್ಲಾಂಪ್ ತಿರುಗಿಸಿದ ಅಳತೆಯಲ್ಲೇ ನಿಲ್ಲುವುದರಿಂದ, ಬಿಸಿಯಲ್ಲಿ ಹಿಗ್ಗಿದಾಗ ಜೋಡಣೆ ಬಿಗಿಯಾಗಿ, ತಣ್ಣಗಾದಾಗ ಅದರ ಹಿಡಿತ ಸಡಿಲವಾಗುತ್ತದೆ.

ಎಲ್ಲ ಲಕ್ಷಣಗಳೂ ಇಲ್ಲಿ ಒಂದಕ್ಕೊಂದು ಕೂಡಿಬಂದವು. ಎಂಜಿನ್ ಬಿಸಿಯಾಗಿದ್ದಾಗ ಜೋಡಣೆ ಭದ್ರ, ಆದ್ದರಿಂದಲೇ ಬಿಸಿ ಎಂಜಿನ್ನಿನ ಮೇಲಿನ ಒತ್ತಡದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ತಣ್ಣಗಾಗುವಾಗ ಒಳಗೆ ನಿರ್ವಾತ ಉಂಟಾಗಿ ರಿಸರ್ವ್ ಟ್ಯಾಂಕಿನಿಂದ ದ್ರವ ಮರಳಬೇಕಿದ್ದ ಹೊತ್ತಿನಲ್ಲಿ, ಅದಕ್ಕಿಂತ ಸುಲಭವಾದ ಈ ದಾರಿಯಿಂದ ಗಾಳಿ ಒಳಬರುತ್ತಿತ್ತು. ಆ ನಳಿಕೆ ರಿಸರ್ವ್ ಟ್ಯಾಂಕಿಗಿಂತ ಎತ್ತರದಲ್ಲಿದ್ದು, ವ್ಯವಸ್ಥೆಯ ಅತಿ ಎತ್ತರದ ಜಾಗಗಳಲ್ಲಿ ಒಂದಾಗಿದ್ದರಿಂದ ಬಂದ ಗಾಳಿ ಹೀಟರಿನಲ್ಲೇ ನಿಲ್ಲುತ್ತಿತ್ತು. ಹೊರಗೆ ಜಿನುಗಿದ ಅಷ್ಟಿಷ್ಟು ದ್ರವ ಎಂಜಿನ್ ಬಿಸಿಗೆ ಅಲ್ಲಿಯೇ ಆರಿಹೋಗುತ್ತಿತ್ತು.

ದುರಸ್ತಿ ಮತ್ತು ಭರ್ತಿ

ಗುಳಿಬಿದ್ದ ನಳಿಕೆಯನ್ನು ಉಜ್ಜಿ ಸೀಲಂಟ್ ಬಳಿದು ಮುಗಿಸುವ ಸಲಹೆ ಬಂತಾದರೂ ಅದನ್ನು ಕೈಬಿಟ್ಟರು. ಗುಳಿಗಳು ಹೋಸ್ ಮುಚ್ಚುವ ಉದ್ದದ ಹೊರತುದಿಯಲ್ಲಿ ಮಾತ್ರ ಇದ್ದವು; ಒಳಭಾಗದ ಲೋಹ ಚೆನ್ನಾಗಿತ್ತು. ನಳಿಕೆಯನ್ನು ನಯವಾದ ಉಜ್ಜುಕಾಗದದಿಂದ ಶುಚಿಗೊಳಿಸಿ, ಹೊಸ ಹೋಸನ್ನು ಪೂರ್ತಿ ಒಳಗೆ ತಳ್ಳಿ, ಸರಿಯಾದ ಅಳತೆಯ ಸ್ಪ್ರಿಂಗ್ ಕ್ಲಿಪ್ಪನ್ನು ಚೆನ್ನಾಗಿರುವ ಲೋಹದ ಮೇಲೆ ಕೂರಿಸಿದರು. ಕೆಳಗಿನ ನಳಿಕೆಗೂ ಹಾಗೆಯೇ ಮಾಡಿದರು. ಗುಳಿಗಳು ಒಳಗಿನವರೆಗೂ ಹಬ್ಬಿದ್ದರೆ ಹೀಟರ್ ಕೋರನ್ನೇ ಬದಲಿಸಬೇಕಾಗುತ್ತಿತ್ತು.

ಈ ಬಾರಿ ಮುಳ್ಳು 660ಕ್ಕೆ ಏರಿ ಹತ್ತು ನಿಮಿಷ ಕದಲಲಿಲ್ಲ. ಅರ್ಧ ಭಾಗ ಎಥಿಲೀನ್ ಗ್ಲೈಕಾಲ್ ಆಧಾರದ ಕೂಲಂಟ್, ಅರ್ಧ ಭಾಗ ಡಿಸ್ಟಿಲ್ಡ್ ವಾಟರ್ ಸೇರಿಸಿದ ಹತ್ತು ಲೀಟರ್ ಮಿಶ್ರಣವನ್ನು ರೇಡಿಯೇಟರಿನ ಎತ್ತರಕ್ಕೆ ಸಮನಾಗಿ ಇಟ್ಟರು. ತುಂಬಿಸುವ ಹೋಸಿನೊಳಗಿನ ಗಾಳಿಯನ್ನು ಮೊದಲು ಹೊರಹಾಕಿ, ಅದು ದ್ರವದಿಂದ ತುಂಬಿದ ಮೇಲೆಯೇ ವಾಲ್ವ್ ತೆರೆದರು. ಈ ಹಂತವನ್ನು ಮರೆತರೆ ಕಷ್ಟಪಟ್ಟು ತೆಗೆದ ಗಾಳಿಯ ಒಂದು ಪಾಲು ಮೊದಲ ಕ್ಷಣದಲ್ಲೇ ಒಳಗೆ ಹೋಗಿಬಿಡುತ್ತದೆ. ಹೋಸಿನ ತುದಿ ಕೊನೆಯವರೆಗೂ ದ್ರವದೊಳಗೆ ಮುಳುಗಿರುವಂತೆ ಒಬ್ಬರು ಕ್ಯಾನಿನ ಪಕ್ಕದಲ್ಲೇ ನಿಂತಿದ್ದರು. ಏಳು ಲೀಟರಿಗಿಂತ ಸ್ವಲ್ಪ ಹೆಚ್ಚು ದ್ರವ ಒಂದೆರಡು ನಿಮಿಷದಲ್ಲಿ ಒಳಗೆ ಹೋಗಿ, ಮುಳ್ಳು ಸೊನ್ನೆಗೆ ಮರಳಿತು.

ಎಂಟು ಲೀಟರ್ ಇಳಿಸಿದ ಜಾಗಕ್ಕೆ ಏಳೂ ಚಿಲ್ಲರೆ ಲೀಟರ್ ಮಾತ್ರ ಹೋದದ್ದೇಕೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. 760ರಲ್ಲಿ 660 ಎಳೆದಾಗಲೂ ಒಳಗೆ ಸುಮಾರು ಎಂಟನೇ ಒಂದು ಪಾಲಿನಷ್ಟು ಗಾಳಿ ಮತ್ತು ನೀರಾವಿ ಉಳಿದಿರುತ್ತದೆ. ಆವಿ ದ್ರವವಾಗುತ್ತದೆ, ಗಾಳಿ ಉಳಿಯುತ್ತದೆ. ನಿರ್ವಾತ ಸಾಧನ ಗಾಳಿಯನ್ನು ಪೂರ್ತಿ ಇಲ್ಲವಾಗಿಸುವುದಿಲ್ಲ, ಹರಿವಿಗೆ ಅಡ್ಡಿಯಾಗದಷ್ಟಕ್ಕೆ ಇಳಿಸುತ್ತದೆ. ಹಾಗಾಗಿ ಕುತ್ತಿಗೆಯವರೆಗೆ ಕೈಯಿಂದ ತುಂಬಿಸಿ, ಥರ್ಮೋಸ್ಟಾಟ್ ತೆರೆಯುವವರೆಗೆ ಎಂಜಿನ್ ಓಡಿಸಿ, ತಣಿದ ಮೇಲೆ ಮಟ್ಟ ನೋಡುವ ಕೆಲಸ ಇದ್ದೇ ಇರುತ್ತದೆ. ಎತ್ತರದ ಪ್ರದೇಶಗಳಲ್ಲಿ ವಾತಾವರಣದ ಒತ್ತಡವೇ ಕಡಿಮೆ, ಪ್ರತಿ 300 ಮೀಟರ್ ಏರಿಕೆಗೆ ಸುಮಾರು 25 ಮಿಲಿಮೀಟರ್ ಪಾದರಸದಷ್ಟು ಇಳಿಯುತ್ತದೆ. ಅಲ್ಲಿ ಮುಳ್ಳು 660ಕ್ಕೆ ಏರದಿದ್ದರೆ ಅದನ್ನು ದೋಷವೆಂದು ತಿಳಿಯಬಾರದು.

ಎರಡೂ ಹೀಟರ್‌ಗಳು ಬಿಸಿ ಗಾಳಿ ಕೊಟ್ಟವು. ಆದರೆ ಹಿಂದಿನ ಪ್ರಯತ್ನಗಳ ಬಳಿಕವೂ ಹೀಗೆಯೇ ಆಗಿತ್ತು, ಆದ್ದರಿಂದ ಅದನ್ನು ಯಾರೂ ಪುರಾವೆಯೆಂದು ಪರಿಗಣಿಸಲಿಲ್ಲ. ಕಾರನ್ನು ಚೆನ್ನಾಗಿ ಓಡಿಸಿ, ಬಿಸಿಯಾಗಿದ್ದಾಗ ರಿಸರ್ವ್ ಟ್ಯಾಂಕಿನ ಮೇಲೆ ಒಂದು ಗೆರೆ ಎಳೆದು, ಮರುದಿನ ಬೆಳಿಗ್ಗೆ ನೋಡಿದಾಗ ಮಟ್ಟ ಆ ಗೆರೆಯಿಂದ ಇಳಿದಿತ್ತು, ರೇಡಿಯೇಟರ್ ಕುತ್ತಿಗೆಯವರೆಗೆ ತುಂಬಿತ್ತು. ದ್ರವ ಮರಳಿ ಬರುತ್ತಿದೆ ಎಂಬುದು ಆಗಷ್ಟೇ ಸಾಬೀತಾಯಿತು.

ಪ್ರಕರಣದಿಂದ ತಿಳಿಯುವುದು

ಈ ಸಾಧನವನ್ನು ಬಹುತೇಕ ಕಡೆ ಬೇಗ ತುಂಬಿಸುವ ಉಪಕರಣವೆಂದೇ ಬಳಸುತ್ತಾರೆ, ಮುಳ್ಳು ಏರಿದ ತಕ್ಷಣ ಕೂಲಂಟಿನ ವಾಲ್ವ್ ತೆರೆಯುತ್ತಾರೆ. ಈ ಕಾರಿನಲ್ಲಿ ಹಾಗೆ ಮಾಡಿದ್ದರೆ ಭರ್ತಿ ಸೊಗಸಾಗಿಯೇ ಆಗುತ್ತಿತ್ತು, ಮುಂದಿನ ಬೆಳಿಗ್ಗೆ ಗಾಳಿ ಮರಳುತ್ತಿತ್ತು, ಆಗ ಹೆಡ್ ಗ್ಯಾಸ್ಕೆಟ್ ಮೇಲಿನ ಸಂಶಯಕ್ಕೆ ಇನ್ನಷ್ಟು ಬಲ ಬರುತ್ತಿತ್ತು. ಮುಳ್ಳನ್ನು ನೋಡುತ್ತಾ ಕಾಯುವ ಆ ಕೆಲವು ನಿಮಿಷಗಳನ್ನು ನಾನು ಭರ್ತಿಗಿಂತಲೂ ಮುಖ್ಯವಾದ ಕೆಲಸವೆಂದು ಎಣಿಸುತ್ತೇನೆ, ಮತ್ತು ಅದನ್ನು ತಣ್ಣನೆಯ ಎಂಜಿನ್ನಿನ ಮೇಲೆಯೇ ಮಾಡಬೇಕೆಂದು ಒತ್ತಿ ಹೇಳುತ್ತೇನೆ. ಬೆಚ್ಚಗಿನ ಎಂಜಿನ್ನಿನಲ್ಲಿ ಆವಿ ಮತ್ತು ಸೋರಿಕೆ ಎರಡೂ ಮುಳ್ಳಿನ ಮೇಲೆ ಒಟ್ಟಿಗೆ ಕೆಲಸ ಮಾಡುವುದರಿಂದ, ಇಲ್ಲದ ದೋಷ ಕಾಣಿಸಬಹುದು, ಇರುವ ದೋಷಕ್ಕೆ ನೆಪವೂ ಸಿಗಬಹುದು.

ಹಾಗೆಂದು ಮುಳ್ಳು ನಿಂತರೆ ಎಲ್ಲವೂ ಸರಿ ಎಂದಲ್ಲ. ನಿರ್ವಾತದಲ್ಲಿ ಹೊರಗಿನ ಒತ್ತಡ ಹೋಸನ್ನು ನಳಿಕೆಯ ಮೇಲೆ ಅದುಮುತ್ತದೆ. ಒತ್ತಡದಲ್ಲಿ ಸೋರುವ ಕೆಲವು ಜೋಡಣೆಗಳು ಆಗ ಮುಚ್ಚಿಕೊಂಡಿರುತ್ತವೆ. ವಾತಾವರಣದ ಒತ್ತಡಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ನಿರ್ವಾತದಿಂದ ಉಂಟುಮಾಡಲು ಸಾಧ್ಯವೇ ಇಲ್ಲ, ಆದರೆ ಓಡುವ ಎಂಜಿನ್ನಿನ ಕೂಲಂಟ್ ಅದಕ್ಕಿಂತ ಹೆಚ್ಚಿನ ಒತ್ತಡವನ್ನು ಕಾಣಬಹುದು, ಹೆಡ್ ಗ್ಯಾಸ್ಕೆಟ್ ತಡೆಯುವ ದಹನದ ಒತ್ತಡವಂತೂ ಹತ್ತಾರು ಬಾರ್. ಈ ಕಾರಣಕ್ಕಾಗಿಯೇ ದುರಸ್ತಿಯಾದ ಮೇಲೆ, ತಣ್ಣನೆಯ ಎಂಜಿನ್ನಿನ ಮೇಲೆ 1.1 ಬಾರ್ ಒತ್ತಡದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರು; ಆ ಸ್ಥಿತಿಯಲ್ಲಿಯೂ ಹನಿ ಕಾಣಿಸಲಿಲ್ಲ.

ಗ್ಯಾರೇಜಿನ ಜಾಬ್ ಕಾರ್ಡಿನಲ್ಲಿ ಈಗ ಕೂಲಿಂಗ್ ಕೆಲಸಕ್ಕೆ ಮೂರು ಹೊಸ ಸಾಲುಗಳಿವೆ: ಪರೀಕ್ಷೆಯ ಹೊತ್ತಿಗೆ ಎಂಜಿನ್ ಬಿಸಿಯೋ ತಣ್ಣಗೋ, ವಾಲ್ವ್ ಮುಚ್ಚಿದಾಗ ಗೇಜ್ ಎಷ್ಟು, ಹತ್ತು ನಿಮಿಷದ ಬಳಿಕ ಎಷ್ಟು. ಮೂರನ್ನೂ ಬರೆಯದೆ ಕೂಲಂಟಿನ ಕ್ಯಾನ್ ತೆರೆಯುವಂತಿಲ್ಲ.